ಶಿಖರ ಬೇಡ, ಮೂರು ಗಂಟೆಯ ಕಾಡು ಸಾಕು

ದಸರಾ ರಜೆ ಬಂತೆಂದರೆ ಕಳಸದ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನ, ಪ್ರಸಾದದ ಊಟ, ಕಳಸದಲ್ಲಿ ಕಳಸೇಶ್ವರನಿಗೊಂದು ನಮಸ್ಕಾರ, ಅಲ್ಲಿಂದ ಕುದುರೆಮುಖದ ಮೇಲೆ ಘಾಟಿ ಇಳಿದು ಕಾರ್ಕಳ. ಬಯಲುಸೀಮೆಯ ಕುಟುಂಬಗಳಿಗೆ ಇದು ಸಿದ್ಧಪಡಿಸಿದ ಪ್ರವಾಸ. ಈ ದಾರಿಯ ದೊಡ್ಡದೊಂದು ಭಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೇ ಹಾಯುತ್ತದೆ. ಆದರೆ ಆ ಹೊತ್ತಿಗೆ ಹಿಂದಿನ ಸೀಟಿನ ಮಕ್ಕಳು ತಿರುವುಗಳಿಗೆ ತಲೆ ಸುತ್ತಿ, ಕೈಯಲ್ಲಿ ನಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿ ಮಲಗಿರುತ್ತಾರೆ. ಊರಿಗೆ ಮರಳಿದ ಮೇಲೆ ಮಾತ್ರ 'ಕಾಡು ನೋಡಿ ಬಂದೆವು' ಎನ್ನುತ್ತಾರೆ.

ಇನ್ನೊಂದು ಗುಂಪು ಇದಕ್ಕೆ ಪೂರ್ತಿ ವಿರುದ್ಧ. ಅವರಿಗೆ ಶಿಖರವೇ ಬೇಕು. 1,894 ಮೀಟರ್ ಎತ್ತರದ ಕುದುರೆಮುಖದ ತುದಿ ಮುಟ್ಟಿ ಫೋಟೋ ತೆಗೆಸಿಕೊಳ್ಳದಿದ್ದರೆ ಬಂದದ್ದೇ ದಂಡ. ಸಂಸೆಯ ಬಳಿಯ ಮುಳ್ಳೋಡಿಯಿಂದ ಹೊರಟು ತುದಿಗೆ ಹೋಗಿ ಬರುವುದೆಂದರೆ ಇಡೀ ದಿನದ ದುಡಿಮೆ. ಕಾಲೇಜು ಹುಡುಗರಿಗೆ ಅದು ಸರಿ. ಏಳನೇ ತರಗತಿಯ ಮಗುವಿನ ಮೊದಲ ಕಾಡುನಡಿಗೆ ಅದಾಗಬಾರದು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣಿಗೆ ಮುಂದಿರುವವರ ಹಿಮ್ಮಡಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ನಾನು ಮೂಡಿಗೆರೆ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವನು. ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುವ ಅಭ್ಯಾಸ ಬಹಳ ವರ್ಷಗಳದು. 'ನಮ್ಮ ಮನೆಯ ಸುತ್ತಲೂ ಹಸಿರೇ ಇದೆಯಲ್ಲ ಮೇಷ್ಟ್ರೇ, ಮತ್ತೇಕೆ ಕಾಡು?' ಎಂದು ಕೇಳುವ ತೋಟದ ಮಾಲೀಕರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕಾಫಿ ತೋಟ ಮನುಷ್ಯ ಲೆಕ್ಕ ಹಾಕಿ ಇಟ್ಟ ಹಸಿರು. ಎಷ್ಟು ನೆರಳು ಬೇಕೋ ಅಷ್ಟು ಮರ, ಮೆಣಸಿನ ಬಳ್ಳಿ ಹಬ್ಬಿಸಲು ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್, ಬುಡದಲ್ಲಿ ಕಳೆ ಹೊಡೆದ ನೆಲ. ಕಾಡಿನಲ್ಲಿ ಬಿದ್ದ ಮರವನ್ನು ಯಾರೂ ಎತ್ತುವುದಿಲ್ಲ. ಅದರ ಮೇಲೆ ಅಣಬೆ, ಅಣಬೆಯ ಮೇಲೆ ಹುಳು, ಹುಳುವಿನ ಹಿಂದೆ ಹಕ್ಕಿ. ಈ ವ್ಯತ್ಯಾಸವನ್ನು ಮಗು ಒಮ್ಮೆ ಕಣ್ಣಾರೆ ನೋಡಬೇಕು. ಅದಕ್ಕೆ ಶಿಖರ ಹತ್ತಬೇಕಿಲ್ಲ, ಮೂರು ಗಂಟೆ ಸಾಕು. ಆದರೆ ಆ ಮೂರು ಗಂಟೆಗೆ ಮನೆಯಲ್ಲೇ ಕುಳಿತು ಸಿದ್ಧತೆ ಮಾಡಬೇಕು.

ಮೊದಲನೆಯದು ಕಾಲ. ಈ ಬೆಟ್ಟಗಳ ಕೆಲವು ಭಾಗಗಳಲ್ಲಿ ವರ್ಷಕ್ಕೆ ಸುಮಾರು 7 ಸಾವಿರ ಮಿಲಿಮೀಟರ್ ಮಳೆ. ಬೆಂಗಳೂರಿನ ಮಳೆಯ ಏಳು ಪಟ್ಟು. ಬಿದ್ದ ನೀರು ಹರಿಯದೆ ನಿಂತರೆ ನಮ್ಮ ಹೆಂಚಿನ ಮನೆಯ ಮಾಡು ಮುಳುಗಿಯೂ ಮೇಲೆ ಉಳಿಯುತ್ತದೆ! ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಆಗ ಮಕ್ಕಳನ್ನು ಕರೆದುಕೊಂಡು ಬರಬೇಡಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ, ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದೂ ಉಂಟು. ಉಳಿದದ್ದು ಅಕ್ಟೋಬರ್‌ನಿಂದ ಡಿಸೆಂಬರ್. ತೊರೆಗಳಲ್ಲಿ ನೀರಿರುತ್ತದೆ ಆದರೆ ಆರ್ಭಟವಿರುವುದಿಲ್ಲ, ಹುಲ್ಲು ಇನ್ನೂ ಹಸಿರು, ಗಾಳಿ ತಿಳಿ. ನಮ್ಮ ದಸರಾ ರಜೆ ಸರಿಯಾಗಿ ಇಲ್ಲೇ ಬರುತ್ತದೆ. ಪಂಚಾಂಗ ಮಾಡಿದವರು ಚಾರಣಿಗರೇ ಇರಬೇಕು!

ಎರಡನೆಯದು ಅನುಮತಿ. ಇದು ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದದ್ದು, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರ. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಇದೂ ಒಂದು. ಕಂಡಲ್ಲಿ ಕಾರು ನಿಲ್ಲಿಸಿ ಕಾಡಿಗೆ ನುಗ್ಗುವುದು ಕಾನೂನಿಗೆ ವಿರುದ್ಧ. ತನಿಖಾ ಠಾಣೆಯಲ್ಲಿ ವಾಹನದ ಸಂಖ್ಯೆ, ಹೊತ್ತು ಬರೆದುಕೊಳ್ಳುತ್ತಾರೆ. ನಡುವೆ ನಿಂತು ಅಡುಗೆ ಮಾಡಿ ಉಂಡು ಹೋಗುತ್ತಿದ್ದ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಕುರಿಂಜಾಲು, ಗಂಗಡಿಕಲ್ಲು, ನೇತ್ರಾವತಿ, ಕುದುರೆಮುಖ ಮುಂತಾಗಿ ಇಲಾಖೆ ಗೊತ್ತುಮಾಡಿದ ದಾರಿಗಳಲ್ಲಿ ಮಾತ್ರ ನಡೆಯಬಹುದು. ಅದಕ್ಕೂ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಹೆಸರು ಕಾಯ್ದಿರಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಗುರುತಿನ ಚೀಟಿ ಬೇಕು. ಯಾವ ದಾರಿ ಯಾವಾಗ ತೆರೆದಿದೆ ಎಂಬುದು ಬದಲಾಗುತ್ತಿರುತ್ತದೆ. ಹಾಗಾಗಿ ನೆಂಟರ ಮಾತು ಕೇಳಿ ಹೊರಡದೆ ಇಲಾಖೆಯನ್ನೇ ಕೇಳಿ. ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಕಾರ್ಕಳದಲ್ಲಿದೆ. ಮಾರ್ಗದರ್ಶಕನಿಗೆ ಕೊಡುವ ಹಣವನ್ನು ದಂಡ ಎಂದುಕೊಳ್ಳಬೇಡಿ. ಅವನು ಸುತ್ತಿನ ಹಳ್ಳಿಯವನೇ. ಯಾವ ತಿರುವಿನಲ್ಲಿ ಕಾಟಿ ನಿಂತಿರಬಹುದು ಎಂಬುದು ನನ್ನ ಬಿಎಸ್ಸಿಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಮಕ್ಕಳಿಗೆ ನಾನು ಸೂಚಿಸುವುದು ಕುರಿಂಜಾಲು ಬೆಟ್ಟದ ದಾರಿ. ಕುದುರೆಮುಖ ಪಟ್ಟಣದ ಕಡೆಯಿಂದ ಹೊರಡುವ ಇದು ಹಳೆಯ ಜೀಪು ರಸ್ತೆ. ಅಗಲವಾಗಿದೆ, ಏರು ನಿಧಾನ, ಆರಂಭದಲ್ಲಿ ದಟ್ಟ ನೆರಳು. ಹೋದ ದಾರಿಯಲ್ಲೇ ಮರಳುವುದರಿಂದ ಎಲ್ಲಿ ಬೇಕಾದರೂ ಹಿಂತಿರುಗಬಹುದು. ಈ ಕೊನೆಯ ಗುಣವೇ ನನ್ನ ದೃಷ್ಟಿಯಲ್ಲಿ ಅದರ ಹೆಚ್ಚುಗಾರಿಕೆ. ನೆತ್ತಿಯವರೆಗೆ ಹೋಗಲೇಬೇಕೆಂದಿಲ್ಲ.

ಎಷ್ಟು ದೂರ ಹೋಗಬಹುದು? ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು, ಮಕ್ಕಳಿಂದಲೇ ಹಾಕಿಸಿ. ಸ್ಕಾಟ್ಲೆಂಡಿನ ಬೆಟ್ಟಗಳನ್ನು ಹತ್ತುತ್ತಿದ್ದ ವಿಲಿಯಂ ನೈಸ್ಮಿತ್ ಎಂಬಾತ 1892ರಲ್ಲಿ ಒಂದು ಸೂತ್ರ ಕೊಟ್ಟ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಜೊತೆಗೆ ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 3 ಕಿಲೋಮೀಟರ್ ನಡೆದು 200 ಮೀಟರ್ ಏರಬೇಕೆನ್ನಿ. ನಡಿಗೆಗೆ 36 ನಿಮಿಷ, ಏರಿಗೆ 20, ಒಟ್ಟು 56 ನಿಮಿಷ. ಆದರೆ ನೈಸ್ಮಿತ್ ಗಟ್ಟಿ ಆಳು. ದಾರಿಯಲ್ಲಿ ಪ್ರತಿ ಹುಳಕ್ಕೂ ನಿಲ್ಲುವ ಮಕ್ಕಳು ಅವನ ಜೊತೆಗಿರಲಿಲ್ಲ. ನಾವು ಅದನ್ನು ಇಮ್ಮಡಿ ಮಾಡಿಕೊಳ್ಳೋಣ. ಹತ್ತಲು ಸುಮಾರು ಎರಡು ಗಂಟೆ, ಇಳಿಯಲು ಒಂದು. ತಿಂಡಿಗೆ ಅರ್ಧ ಗಂಟೆ ಬೇರೆ. ಬೆಳಿಗ್ಗೆ ಎಂಟಕ್ಕೆ ಕಾಡು ಹೊಕ್ಕರೆ ಮಧ್ಯಾಹ್ನಕ್ಕೆ ಮೊದಲೇ ಹೊರಗೆ. ಹತ್ತು ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ಹಿಂದಕ್ಕೆ ಎಂದು ಹೊರಡುವ ಮುಂಚೆಯೇ ಎಲ್ಲರೆದುರು ಹೇಳಿಬಿಡಿ. ಕಾಡಿನಲ್ಲಿ ನಿಂತು ತೀರ್ಮಾನಿಸಲು ಹೋದರೆ 'ಇನ್ನೊಂದು ತಿರುವು, ಇನ್ನೊಂದೇ ತಿರುವು' ಎಂಬ ಮಾತು ಬಂದೇ ಬರುತ್ತದೆ. ಹಾಗೆನ್ನುವವರು ಸಾಮಾನ್ಯವಾಗಿ ಮಕ್ಕಳಲ್ಲ, ಅಪ್ಪಂದಿರು.

ಬೇಗ ಮುಗಿಸಲು ಇನ್ನೊಂದು ಕಾರಣವಿದೆ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿರುತ್ತದೆ, ಮಧ್ಯಾಹ್ನ ಮೇಲೆ ಗುಡುಗು ಸಹಿತ ಮಳೆ. ಬೋಳು ಹುಲ್ಲುಗುಡ್ಡದ ನೆತ್ತಿಯಲ್ಲಿ ನಿಂತ ಮನುಷ್ಯನೇ ಅಲ್ಲಿನ ಅತಿ ಎತ್ತರದ ವಸ್ತು. ಸಿಡಿಲಿಗೆ ಇನ್ನೇನು ಬೇಕು? ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ ಎಂದು ತರಗತಿಯಲ್ಲಿ ಹೇಳಿಕೊಡುತ್ತೇವೆ. ಕಾಡಿನಲ್ಲಿ ಅಷ್ಟು ಲೆಕ್ಕ ಬೇಡ. ಗುಡುಗು ಕೇಳಿದರೆ ನೆತ್ತಿ ಬಿಟ್ಟು ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಎಂಟನೇ ತರಗತಿಯ ಹುಡುಗಿಯೊಬ್ಬಳ ತಂದೆ, ಎಸ್ಟೇಟಿನ ರೈಟರು, ಒಮ್ಮೆ ಶಾಲೆಗೇ ಬಂದರು. 'ಸಾರ್, ಅವಳಿಗೆ ಉಬ್ಬಸ. ಶಾಲೆಯ ಮೆಟ್ಟಿಲು ಹತ್ತಿದರೇ ಏದುಸಿರು ಬಿಡ್ತಾಳೆ. ಕಾಡಿಗೆ ಬೇಡ' ಎಂದರು. ವೈದ್ಯರನ್ನು ಕೇಳಿ, ಅವರು ಸರಿ ಎಂದರೆ ಕಳಿಸಿ, ಅವಳನ್ನೇ ಎಲ್ಲರ ಮುಂದೆ ಬಿಡುತ್ತೇನೆ ಎಂದೆ. ವೈದ್ಯರು ಒಪ್ಪಿದರು. ಉಸಿರಿನ ಔಷಧ ನನ್ನ ಚೀಲದಲ್ಲಲ್ಲ, ಅವಳ ಜೇಬಿನಲ್ಲೇ ಇರಬೇಕೆಂದು ತೀರ್ಮಾನವಾಯಿತು. ಮಾರ್ಗದರ್ಶಕನ ಬೆನ್ನಿಗೇ ಅವಳು, ಅವಳ ಹಿಂದೆ ಉಳಿದವರು. ಯಾರೂ ಅವಳನ್ನು ದಾಟಕೂಡದು. ಹುಡುಗರು ಮೊದಲ ಅರ್ಧ ಗಂಟೆ ಗೊಣಗಿದರು. ಆಮೇಲೆ ಅವಳು ತಟ್ಟನೆ ನಿಂತಳು. ದಾರಿಯ ಮೇಲೆ ಕಚ್ಚಿ ಬಿಸಾಡಿದ ಕಾಯಿಯ ಸಿಪ್ಪೆಗಳು, ಇನ್ನೂ ಹಸಿ. ತಲೆಯೆತ್ತಿ ನೋಡಿದರೆ ಕೊಂಬೆಯ ಮೇಲೆ ಕೆಂಜಳಿಲು, ಉದ್ದ ಬಾಲ ಇಳಿಬಿಟ್ಟು ತನ್ನ ಪಾಡಿಗೆ ತಿನ್ನುತ್ತ ಕುಳಿತಿತ್ತು. ನಲವತ್ತು ಮಂದಿ ಸದ್ದಿಲ್ಲದೆ ಹತ್ತು ನಿಮಿಷ ನಿಂತದ್ದನ್ನು ನಾನು ನಮ್ಮ ಶಾಲೆಯ ಪ್ರಾರ್ಥನೆಯಲ್ಲೂ ಕಂಡಿಲ್ಲ.

ಅಂದಿನಿಂದ ನಮ್ಮದು ಇದೇ ಪದ್ಧತಿ. ನಿಧಾನದವರು ಮುಂದೆ, ಗಟ್ಟಿಗರು ಹಿಂದೆ, ಎಲ್ಲರ ಕೊನೆಗೆ ರೈಲಿನ ಗಾರ್ಡಿನಂತೆ ಒಬ್ಬರು ದೊಡ್ಡವರು. ಗಾರ್ಡಿನ ಹಿಂದೆ ಯಾರೂ ಇಲ್ಲ, ಇರಬಾರದು. ಆರೇಳು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಬೇಕು. ಮೊಬೈಲಿನ ಸಂಕೇತ ಈ ಕಣಿವೆಗಳಲ್ಲಿ ನೆಚ್ಚುವಂಥದ್ದಲ್ಲ. ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಉಳಿದುಕೊಂಡ ಮನೆಯವರಿಗೆ ಹೇಳಿ ಹೊರಡಿ.

ತಂದೆತಾಯಿಗಳು ಹುಲಿ, ಕಾಳಿಂಗಕ್ಕೆ ಹೆದರುತ್ತಾರೆ. ನಾನು ಹೆದರುವುದು ನೀರಿಗೆ. ಮಲೆನಾಡಿನ ಹೊಳೆ, ಜಲಪಾತಗಳಲ್ಲಿ ಕಾಲು ಜಾರಿ ಸತ್ತವರ ಸುದ್ದಿ ಪ್ರತಿ ಮಳೆಗಾಲವೂ ಪತ್ರಿಕೆಯಲ್ಲಿ ಬರುತ್ತದೆ. ಇದೇ ದಾರಿಯ ಹನುಮನಗುಂಡಿ ಜಲಪಾತವನ್ನು ಮೆಟ್ಟಿಲ ಮೇಲೆ ನಿಂತು ನೋಡಿ, ಬಂಡೆಯ ಮೇಲೆ ಇಳಿಯಬೇಡಿ. ಪಾಚಿ ಕಟ್ಟಿದ ಬಂಡೆಗೂ ಎಣ್ಣೆ ಸವರಿದ ಗಾಜಿಗೂ ವ್ಯತ್ಯಾಸವಿಲ್ಲ. ಹರಿಯುವ ನೀರಿನ ತಳ್ಳುಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ನಿನ್ನೆ ದಾಟಿದ ತೊರೆಯನ್ನು ಇಂದು ದಾಟಬಹುದೆಂಬ ಧೈರ್ಯ ಆದ್ದರಿಂದ ಸಲ್ಲದು. ಗುಂಪಿನ ಅತಿ ಗಿಡ್ಡ ಮಗುವಿನ ಮೊಣಕಾಲಿಗಿಂತ ಮೇಲೆ ನೀರಿದ್ದರೆ ಅಲ್ಲಿಗೇ ನಡಿಗೆ ಮುಗಿಯಿತು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿದಿರಬಹುದು. ತಿಳಿನೀರು ಒಮ್ಮೆಲೇ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ ದಡ ಬಿಟ್ಟು ಮೇಲೆ ಹತ್ತಿ.

ಇಂಬಳದ ವಿಷಯಕ್ಕೆ ಬಂದರೆ, ಅದು ಕಿರಿಕಿರಿ, ಅಪಾಯವಲ್ಲ. ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್‌ನಂಥ ವಸ್ತುಗಳಿವೆ. ಜಿಗಣೆಯ ಈ ಗುಣವನ್ನು 1884ರಲ್ಲೇ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿದ. ಎಳೆದು ಕೀಳದೆ ಉಗುರಿನಿಂದ ಅದರ ಬಾಯಿಯನ್ನು ಮೆಲ್ಲಗೆ ಸರಿಸಿ, ಗಾಯ ತೊಳೆದು ಒತ್ತಿ ಹಿಡಿಯಿರಿ. ನಮ್ಮ ಕಡೆ ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಳ್ಳುವುದು ರೂಢಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸುವುದು ಅದಕ್ಕಿಂತ ಸರಳ.

ಅಸಡ್ಡೆ ಮಾಡಬಾರದ್ದು ಉಣುಗು. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದು ಕಾಣಿಸಿಕೊಂಡಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಕಾಲ, ಹರಡುವುದು ಕಾಡಿನ ಉಣುಗಿನಿಂದ. ಮಂಗ ಸತ್ತ ಸುದ್ದಿಯಿದೆಯೇ ಎಂದು ಹೊರಡುವ ಮುನ್ನ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಕೇಳಿ. ಇದ್ದರೆ ಆ ಕಡೆ ಹೋಗಬೇಡಿ. ತುಂಬುತೋಳಿನ ಅಂಗಿ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಎಲೆ ಕಸದ ಮೇಲೆ ಕೂರಬೇಡಿ. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ, ಬಟ್ಟೆ ಒಗೆತಕ್ಕೆ. ಮುಂದೆ ಕೆಲವು ದಿನಗಳಲ್ಲಿ ಜ್ವರ ಬಂದರೆ 'ಕಾಡಿಗೆ ಹೋಗಿದ್ದೆವು' ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಇಷ್ಟೆಲ್ಲ ಮಾಡಿ ನೋಡುವುದೇನನ್ನು? ನೆರಳಿನ ದಾರಿ ಮುಗಿದು ಹುಲ್ಲುಗಾವಲು ತೆರೆಯುವ ಗೆರೆಯಲ್ಲಿ ನಿಲ್ಲಿ. ಈ ನಡಿಗೆಯ ಗುರಿ ಅದೇ. ಗುಡ್ಡದ ಮೈಯೆಲ್ಲ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಮಾತ್ರ ತುರುಕಿಟ್ಟಂತೆ ಕಾಡು. ಇದನ್ನೇ ಶೋಲಾ ಕಾಡು ಎನ್ನುತ್ತಾರೆ. ಒಂದು ಹೆಜ್ಜೆ ಈಚೆ ಬಿಸಿಲು, ಒಂದು ಹೆಜ್ಜೆ ಆಚೆ ಕತ್ತಲು. ಎರಡೂ ಕಡೆ ಥರ್ಮಾಮೀಟರ್ ಹಿಡಿದು ಮಕ್ಕಳೇ ಬರೆದುಕೊಳ್ಳಲಿ. ಮರ ಏಕೆ ಗುಡ್ಡದ ಮೇಲೆ ಹತ್ತುವುದಿಲ್ಲ? ಗಾಳಿ, ತೆಳು ಮಣ್ಣು, ಬೆಂಕಿ ಎಂದು ಹಲವು ಕಾರಣ ಹೇಳುತ್ತಾರೆ. ಮನುಷ್ಯ ಕಾಡು ಕಡಿದದ್ದರಿಂದಲೇ ಹುಲ್ಲು ಬಂತು ಎಂದು ವಾದಿಸುವವರೂ ಇದ್ದರು. ಆದರೆ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಮಣ್ಣಿನಲ್ಲಿರುವ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ, ಸುಮಾರು 20 ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲುಗಾವಲು ಇತ್ತೆಂದು ತೋರಿಸಿತು. ಹುಲ್ಲು ಎಂದರೆ ಖಾಲಿ ಜಾಗ ಎಂದು ತಿಳಿಯುವ ನಮ್ಮ ಪಠ್ಯದ ಚಿತ್ರ ಸ್ವಲ್ಪ ತಿದ್ದಬೇಕು.

ಮರದ ತೊಗಟೆಯನ್ನು ನೋಡಿ. ಬೂದು ಬಣ್ಣದ ಕಲ್ಲುಹೂ, ಅಮ್ಮನ ಮಸಾಲೆ ಡಬ್ಬಿಯಲ್ಲಿರುವ ಅದರದೇ ನೆಂಟ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಈ ಜೀವಿ ಹೊಗೆಯ ಗಾಳಿಯಲ್ಲಿ ಉಳಿಯುವುದು ಕಷ್ಟ. ಸಮೃದ್ಧವಾಗಿ ಬೆಳೆದಿದ್ದರೆ ಗಾಳಿ ಶುದ್ಧ ಎಂದೇ ಅರ್ಥ. ಎಲೆಗಳ ತುದಿ ಬಾಲದಂತೆ ಚೂಪಾಗಿದ್ದರೆ ಏಕೆಂದು ಕೇಳಿ. ಮಳೆನೀರು ಜಾರಿ ಬೀಳಲು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಗಿಡಮರದ ಹೆಸರಿನಲ್ಲಿ ಮೇಷ್ಟ್ರು ಸೋತರೂ ಚಿಂತೆಯಿಲ್ಲ. ನನ್ನ ತರಗತಿಯಲ್ಲಿ ಎಸ್ಟೇಟಿನ ಲೈನುಮನೆಯ ಮಕ್ಕಳೇ ಆ ವಿಷಯದಲ್ಲಿ ನನಗೆ ಗುರುಗಳು. ತೊರೆಯ ಬಳಿ ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕಿದಂತೆ ಕೇಳಿದರೆ ಅದು ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿ. ಮೂಡಿಗೆರೆಯಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ರಜೆಗೆ ಮೊದಲೇ ಓದಿ ಬಂದ ಮಗುವಿಗೆ ಬೇರೆ ಕಿವಿಯೇ ಇರುತ್ತದೆ.

ಸಿಂಗಳೀಕ ಕಾಣುತ್ತದೆಂದು ಮಾತ್ರ ಮಕ್ಕಳಿಗೆ ಭರವಸೆ ಕೊಡಬೇಡಿ. ಮರದ ಮೇಲಂತಸ್ತಿನಲ್ಲೇ ಬದುಕುವ ಪ್ರಾಣಿ ಅದು. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. ಈ ಉದ್ಯಾನದ ಹುಟ್ಟಿನ ಹಿಂದೆ ಆ ಕೆಲಸವೂ ಇದೆ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಕಾಡು ತುಂಡಾದರೆ ಅದರ ರಸ್ತೆ ತುಂಡಾದಂತೆ.

ಕಾಡು ತುಂಡಾಗುವುದು ಹೇಗಿರುತ್ತದೆ ಎಂಬುದನ್ನೂ ಇಲ್ಲೇ ತೋರಿಸಬಹುದು. 1976ರಲ್ಲಿ ಆರಂಭವಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಇಲ್ಲಿನ ಬೆಟ್ಟ ಅಗೆದು, ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು 2005ರ ಕೊನೆಗೆ ಗಣಿ ನಿಂತಿತು. ನೂರಾರು ಕುಟುಂಬಗಳ ಅನ್ನ ಅದರಲ್ಲಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಜನ ತೆರವಾದ ಪಟ್ಟಣದ ರಸ್ತೆಯಲ್ಲಿ ಹಾಯುವಾಗ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳುತ್ತಾರೆ. ಇಲ್ಲಿನ ಅದಿರು ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವಂಥದ್ದು. ಕಳಸದಲ್ಲಿ ಭದ್ರೆಯ ಒಣ ಮರಳಿನ ಮೇಲೆ ಒಂದು ಅಯಸ್ಕಾಂತ ಎಳೆದು ನೋಡಲಿ. ಕಪ್ಪು ಕಣಗಳು ಮೀಸೆಯಂತೆ ನಿಲ್ಲುತ್ತವೆ. ನೋಡಿದ ಮೇಲೆ ಅಲ್ಲೇ ಉದುರಿಸಿ.

ಈ ಉದ್ಯಾನದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಮೊದಲ ಇಬ್ಬರು ಕೂಡ್ಲಿಯಲ್ಲಿ ಸೇರಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ. ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ. ಭೂಪಟ ತೆಗೆದುಕೊಂಡು ಹೋಗಿ, ಹುಲ್ಲಿನ ಅಂಚಿನಲ್ಲಿ ಕುಳಿತು ಬೆರಳಿನಿಂದ ಎಳೆಸಿ. ಒಂದೇ ಬೆಟ್ಟದ ಮಳೆ ಎರಡು ಸಮುದ್ರಕ್ಕೆ ಹೋಗುವುದು ತರಗತಿಯ ಗೋಡೆಯ ಮೇಲೆ ಅಷ್ಟು ಚೆನ್ನಾಗಿ ಅರ್ಥವಾಗುವುದಿಲ್ಲ.

ತಿಂಡಿಗೆ ಚಪಾತಿ, ಅವಲಕ್ಕಿ, ಬಾಳೆಹಣ್ಣು ಸಾಕು. ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ತಲೆಗೊಂದು ಲೀಟರ್ ನೀರು. ಬಾಳೆಹಣ್ಣಿನ ಸಿಪ್ಪೆ ಕೊಳೆಯುತ್ತದಲ್ಲ ಎಂದು ಎಸೆಯುವವರಿದ್ದಾರೆ. ಕೊಳೆಯುವ ಮೊದಲೇ ಮಂಗ ಬರುತ್ತದೆ, ಮುಂದಿನ ವಾರ ಮಕ್ಕಳ ಕೈಯಿಂದಲೇ ಕಿತ್ತುಕೊಳ್ಳಲು ಕಲಿತಿರುತ್ತದೆ. ಸಿಪ್ಪೆಯೂ ಡಬ್ಬಿಯಲ್ಲೇ ವಾಪಸು ಬರಲಿ. ಸುಂದರವಾದ ಕಲ್ಲು, ಗರಿ, ಆರ್ಕಿಡ್ ಯಾವುದನ್ನೂ ತರುವಂತಿಲ್ಲ. ಚಿತ್ರ ಬಿಡಿಸಿಕೊಳ್ಳಲು ಪುಸ್ತಕ, ಪೆನ್ಸಿಲ್ ಇರಲಿ. ಪೆನ್ನು ಬೇಡ, ಮಂಜಿನಲ್ಲಿ ಶಾಯಿ ಹರಡುತ್ತದೆ.

ಚಿಕ್ಕಮಗಳೂರಿನಿಂದ ಕಳಸಕ್ಕೆ ಸುಮಾರು 90 ಕಿಲೋಮೀಟರ್. ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಬಂದರೆ ಕೊಟ್ಟಿಗೆಹಾರದ ನೀರುದೋಸೆಗೆ ನಿಲ್ಲುವುದು ಕಡ್ಡಾಯ. ಬೆಟ್ಟದ ತಿರುವುಗಳಿಂದಾಗಿ ಮೂರು ಗಂಟೆ ಹಿಡಿಯಿರಿ. ಹಿಂದಿನ ದಿನವೇ ಬಂದು ಕಳಸದಲ್ಲೋ ಸಂಸೆಯಲ್ಲೋ ಉಳಿಯುವುದು ಒಳ್ಳೆಯದು. ಕಳಸದಿಂದ ಕುದುರೆಮುಖ ಪಟ್ಟಣಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಸಂಸೆಯ ಟೀ ತೋಟ ಬಲು ಚೆಂದ, ಆದರೆ ಬೆಳಿಗ್ಗೆ ಅಲ್ಲಿ ನಿಂತರೆ ಎಂಟು ಗಂಟೆ ಒಂಬತ್ತಾಗುತ್ತದೆ, ಮರಳುವಾಗ ನೋಡಿ. ಬಸ್ಸು ಹತ್ತುವ ಮುನ್ನ ಎಲ್ಲರ ಬೂಟು, ಕಾಲುಚೀಲ ಬಿಚ್ಚಿಸಿ ಒಮ್ಮೆ ಕೊಡವಿಸಿ. ಇಂಬಳಕ್ಕೆ ಟಿಕೆಟ್ ಇಲ್ಲದೆ ಚಿಕ್ಕಮಗಳೂರಿನವರೆಗೂ ಬರುವ ಅಭ್ಯಾಸವಿದೆ.